ಎಲೆಯುದುರದ ಮಾಡು

ಹುಬ್ಬಳ್ಳಿಯಿಂದ ಹೊರಟು ಯಲ್ಲಾಪುರವನ್ನು ಹಾದು, ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಕಡಲತಡಿಯನ್ನು ಸೇರುವ ಹೆದ್ದಾರಿಯಲ್ಲಿ, ಘಟ್ಟದ ತಿರುವುಗಳು ಮುಗಿದು ಗಂಗಾವಳಿಯ ಕಣಿವೆ ಮೆಲ್ಲಗೆ ತೆರೆದುಕೊಳ್ಳುವ ಎಡೆಯಲ್ಲಿ, ಸುಂಕಸಾಳವೆಂಬ ಊರಿದೆ. ಘಟ್ಟದ ಮೇಲೆ ಬೇಡ್ತಿಯೆನಿಸಿಕೊಂಡು ಮಾಗೋಡಿನಲ್ಲಿ ಧುಮುಕಿದ ಹೊಳೆಯೇ ಇಲ್ಲಿಗೆ ಬರುವಷ್ಟರಲ್ಲಿ ಗಂಗಾವಳಿಯೆಂಬ ಹೆಸರನ್ನು ತಳೆದು, ಎರಡು ದಂಡೆಗಳಲ್ಲಿಯೂ ಗದ್ದೆಗೂ ಅಡಿಕೆಯ ತೋಟಕ್ಕೂ ಎಡೆಗೊಟ್ಟು, ಗೋಕರ್ಣದ ಬಡಗಣಕ್ಕೆ ಸಮುದ್ರವನ್ನು ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಹೇರುಗಳಾಗಿಯೂ ಗಾಡಿಗಳ ಸಾಲಾಗಿಯೂ ಘಟ್ಟದ ದಾರಿಗಳನ್ನಿಳಿದು ಕರಾವಳಿಯ ಬಂದರುಗಳಿಗೆ ಸಾಗುತ್ತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೂ ಆ ಹತ್ತಿಯ ಒತ್ತಾಯವೇ ಬಹುಮಟ್ಟಿಗೆ ಕಾರಣ. ಹೆಸರಿನಲ್ಲಿಯೇ ಸುಂಕವನ್ನು ಹೊತ್ತ ಊರಿನ ಚರಿತ್ರೆಯನ್ನು ಹೇರಿನ, ಹತ್ತಿಯ, ತೇಗದ ದಿಮ್ಮಿಯ ಲೆಕ್ಕಗಳಲ್ಲಿ ಬರೆಯುವವರು ಬರೆಯಲಿ. ನಾನಿಲ್ಲಿ ನೆನೆಯಹೊರಟಿರುವುದು ಈ ಕಣಿವೆಯ ಮರಗಳ ಮೇಲೆ ಬದುಕುವ ಸೀತಾಳೆ ದಂಡೆಯನ್ನು, ಅದನ್ನು ಮನೆಗೆ ತಂದುಕೊಳ್ಳುವ ಹಳೆಯ ವಾಡಿಕೆಯನ್ನು, ಮತ್ತು ಮನೆಯೊಳಗೆ ಅದಕ್ಕೆ ದೊರೆಯುವ ಅಥವಾ ದೊರೆಯದೆ ಹೋಗುವ ಬೆಳಕನ್ನು.

ಸೀತಾಳೆಯೆಂದೂ ಮರಬಾಳೆಯೆಂದೂ ಜನರು ಕರೆಯುವ ಮರದ ಮೇಲಣ ಆರ್ಕಿಡ್ ಕುಲದಲ್ಲಿ ಬಗೆಗಳು ಹಲವಾದರೂ, ವೈಶಾಖ ಜ್ಯೇಷ್ಠಗಳಲ್ಲಿ ನರಿಬಾಲದಂತೆ ಬಾಗಿ ಇಳಿಬೀಳುವ, ಬಿಳಿಯ ಎಸಳುಗಳ ಮೇಲೆ ನೇರಳೆಯ ಚುಕ್ಕೆಗಳನ್ನಿಟ್ಟ ಹೂಗೊಂಚಲಿಗೆ ದಂಡೆಯೆಂಬ ಹೆಸರು ವಿಶೇಷವಾಗಿ ಸಲ್ಲುತ್ತದೆ. ಕಟ್ಟುವ ಶ್ರಮವಿಲ್ಲದೆ ಪ್ರಕೃತಿಯೇ ಕಟ್ಟಿಕೊಟ್ಟ ಈ ದಂಡೆಯನ್ನು ಜಾನಕಿಯ ಮುಡಿಗೆ ಸೇರಿಸಿದ ಜನಪದದ ಭಾವನೆ ಬಹು ಸುಂದರವಾದುದು. ಹೂವಿಲ್ಲದೆ ಮುಡಿಯಿಲ್ಲವೆನ್ನುವ ಈ ಜಿಲ್ಲೆಯ ಹೆಂಗಸರು ಮೊದಲ ಮಳೆಯ ದಿನಗಳಲ್ಲಿ ಅದನ್ನು ಹೆರಳಿಗೆ ಏರಿಸಿದರು. ಗಾಳಿಗೆ ಮುರಿದುಬಿದ್ದ ಕೊಂಬೆಯ ಜೊತೆಯಲ್ಲಿ ಗಿಡವೇ ದೊರೆತಾಗ ಅದನ್ನು ತಂದು ಅಂಗಳದ ಮಾವಿಗೋ ತೋಟದಂಚಿನ ಹಲಸಿಗೋ ಬಾಳೆಯ ನಾರಿನಿಂದ ಕಟ್ಟಿದರು. ದೂರದ ಅಸಮಿನಲ್ಲಿಯೂ ಇದೇ ಹೂವು ಕಪೌ ಫೂಲ್ ಎಂಬ ಹೆಸರಿನಿಂದ ಬಿಹು ಹಬ್ಬದ ನರ್ತಕಿಯರ ತುರುಬನ್ನೇರುತ್ತದೆಂಬುದನ್ನು ನೆನೆದರೆ, ಒಂದು ಸಸ್ಯವು ನಾಡಿನ ಎರಡು ಮಳೆಯ ಸೀಮೆಗಳ ಹೆಂಗಸರ ಅಭಿರುಚಿಯನ್ನು ಹೇಗೆ ಒಂದುಗೂಡಿಸಿತೆಂದು ಸಂತೋಷವಾಗುತ್ತದೆ. ಅಂಗಳದ ಮರಕ್ಕೆ ಕಟ್ಟಿದ ಗಿಡ ಒಂದೆರಡು ವರ್ಷಗಳಲ್ಲಿ ಹೊಂದಿಕೊಂಡು ಹೂ ಬಿಡುತ್ತದೆ. ಅದನ್ನೇ ತೆಂಗಿನ ಸಿಪ್ಪೆಯಲ್ಲಿ ನೆಟ್ಟು ಜಗಲಿಯ ಒಳಮೂಲೆಗೆ ತೂಗುಹಾಕಿದರೆ ಎಲೆಗಳು ಮಾತ್ರ ಗಾಢವಾಗಿ, ನೀಳವಾಗಿ, ಕಣ್ಣಿಗೆ ತಂಪಾಗಿ ಬೆಳೆದು ಹೂವಿನ ಸುಳಿವೇ ಇರುವುದಿಲ್ಲ. ನೀರು ಸಾಲದಾಯಿತೇನೋ, ಗೊಬ್ಬರ ಸಾಲದಾಯಿತೇನೋ ಎಂದು ಮನೆಯವರು ಚಿಂತಿಸುತ್ತಾರೆ, ಸಾಲದಾದುದು ಬೆಳಕು.

ಇದು ಹೊಸ ಕಾಲದವರಿಗೆ ವಿಚಿತ್ರವಾಗಿ ತೋರಬಹುದು. ದಟ್ಟ ಕಾಡಿನಲ್ಲಿ, ಮರಗಳ ನೆರಳಿನಲ್ಲಿ ಹುಟ್ಟಿ ಬೆಳೆದ ಗಿಡಕ್ಕೆ ಮನೆಯ ನೆರಳು ಏಕೆ ಒಗ್ಗಬಾರದು? ಉತ್ತರವು ಸುಂಕಸಾಳದ ಸುತ್ತಣ ಕಾಡಿನಲ್ಲಿಯೇ ಇದೆ. ಆದರೆ ಅದನ್ನು ಕಾಣಬೇಕಾದರೆ ಆಷಾಢದಲ್ಲಿ ಅಲ್ಲದೆ ಮಾಘ ಫಾಲ್ಗುಣಗಳಲ್ಲಿಯೂ ಆ ಕಾಡನ್ನು ಹೊಕ್ಕಿರಬೇಕು. ಘಟ್ಟದ ಬುಡದ ಈ ಕಾಡು ವರ್ಷವೆಲ್ಲ ಒಂದೇ ಸಮನಾಗಿ ಹಸಿರಾಗಿರುವಂಥದಲ್ಲ. ಹೊಳೆಯ ಇಕ್ಕೆಲಗಳ ಕೊರಕಲುಗಳಲ್ಲಿ ನಿತ್ಯಹರಿದ್ವರ್ಣದ ಮರಗಳುಂಟಾದರೂ, ಗುಡ್ಡಗಳ ಮೈಯನ್ನು ಆವರಿಸಿರುವವು ಬಹುತೇಕ ಮತ್ತಿ, ಕಿಂದಳ, ನಂದಿ, ಹೊನ್ನೆ, ಜಂಬೆ, ತೇಗಗಳು. ಚಳಿಗಾಲ ಕಳೆಯುತ್ತಿರುವಂತೆ ಇವು ಒಂದೊಂದಾಗಿ ಎಲೆಯನ್ನುದುರಿಸಿ, ಬರಿಯ ಕೊಂಬೆಗಳನ್ನು ಆಕಾಶಕ್ಕೆ ಎತ್ತಿ ನಿಲ್ಲುತ್ತವೆ. ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆಯನ್ನು ನಾಲ್ಕು ತಿಂಗಳಲ್ಲಿ ಸುರಿದುಬಿಡುವ ಆಕಾಶವು ಆಮೇಲೆ ಮಾರ್ಗಶಿರದಿಂದ ಚೈತ್ರದವರೆಗೆ ಹನಿ ನೀರನ್ನೂ ಕೊಡದಿರುವುದುಂಟು; ಆ ಕಾಲದಲ್ಲಿ ಕೊಂಬೆಗಂಟಿದ ಸೀತಾಳೆಗೆ ದೊರೆಯುವುದು ರಾತ್ರಿಯ ಇಬ್ಬನಿ, ಹಗಲಿನ ತೆರೆದ ಬಿಸಿಲು. ನೀರನ್ನುಳಿಸಿಕೊಳ್ಳುವುದಕ್ಕಾಗಿ ಅದು ಹಗಲೆಲ್ಲ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯಲ್ಲಿ ತೆರೆದು, ಆಗ ಹೀರಿಕೊಂಡ ಇಂಗಾಲಾಮ್ಲವನ್ನು ಮರುದಿನದ ಬೆಳಕಿನಲ್ಲಿ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಅದರ ಬೇರುಗಳೂ ಬೂದುಬಣ್ಣದ ಮೆತ್ತನೆಯ ಹೊದಿಕೆಯೊಂದನ್ನು ಹೊದ್ದಿದ್ದು, ನೀರು ತಾಗಿದೊಡನೆ ಅದನ್ನು ಹೀರಿ, ಒಳಗಿನ ಹಸಿರನ್ನು ತೋರಿ, ಎಲೆಗಳಂತೆಯೇ ಬೆಳಕಿನಿಂದ ಅನ್ನವನ್ನು ಮಾಡಿಕೊಳ್ಳಬಲ್ಲವು. ಬಂದನಿಕೆಯಂತೆ ಮರದ ರಸವನ್ನು ಕದಿಯದ ಈ ಸಸ್ಯಕ್ಕೆ ಮರವು ಕೊಡುವುದು ಎತ್ತರವನ್ನು, ಎಂದರೆ ಬೆಳಕಿಗೆ ಸಮೀಪವಾದ ಒಂದು ನೆಲೆಯನ್ನು. ನಾಲ್ಕು ತಿಂಗಳ ಬಿಸಿಲನ್ನುಂಡು ಕೂಡಿಟ್ಟ ಆ ಬಲದಿಂದಲೇ ವೈಶಾಖದ ಹೊತ್ತಿಗೆ ದಂಡೆ ಹೊರಡುತ್ತದೆ. ನಾವು ಅದನ್ನು ಮಳೆಯ ಹೂವೆಂದುಕೊಳ್ಳುತ್ತೇವೆ. ವಸ್ತುತಃ ಅದು ಎಲೆಯುದುರಿದ ಕಾಲದ ಬಿಸಿಲಿನ ಹೂವು. ಸೀತಾಳೆಯ ಬಂಧುವಾದ ಒಂದು ಬಿಳಿಯ ಡೆಂಡ್ರೋಬಿಯಂ ಅಂತೂ ತಾನೂ ಆತಿಥೇಯ ಮರದಂತೆಯೇ ಎಲೆಗಳನ್ನೆಲ್ಲ ಕಳಚಿ, ಬರಿಗಡ್ಡೆಯ ಮೇಲೆ ಪುಷ್ಯ ಮಾಘಗಳಲ್ಲಿ ಹೂವಾಗುತ್ತದೆ.

ಕಾಡಿನ ಜನರಿಗೆ ಇದು ತಿಳಿದೇ ಇತ್ತೆಂಬುದಕ್ಕೆ ಒಂದು ಹಳೆಯ ಸಾಕ್ಷ್ಯವಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಸಂಗ್ರಹಿಸಿದ ಹೋರ್ಟುಸ್ ಮಲಬಾರಿಕುಸ್ ಎಂಬ ಮಹಾಗ್ರಂಥವು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನೆಂಬ ಮಲೆಯಾಳಿ ವೈದ್ಯನ ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಆ ಕಾರ್ಯಕ್ಕೆ ನೆರವಾದರು. ನಾಗರಿ ಅಕ್ಷರಗಳಲ್ಲಿ ಕೊಂಕಣಿಯಲ್ಲಿ ಅವರು ಬರೆದುಕೊಟ್ಟ ಪ್ರಮಾಣಪತ್ರವು ಮೊದಲನೆಯ ಸಂಪುಟದಲ್ಲಿಯೇ ಇದೆ. ಕಾರವಾರ ಅಂಕೋಲೆಗಳಲ್ಲಿ ಇಂದಿಗೂ ಮನೆಮಾತಾಗಿರುವ ಭಾಷೆಯದು. ಹನ್ನೆರಡನೆಯ ಸಂಪುಟದ ಆರಂಭದಲ್ಲಿ ಮರದ ಮೇಲಣ ಆರ್ಕಿಡ್ಡುಗಳ ಚಿತ್ರಗಳು ಬರುತ್ತವೆ. ಅಲ್ಲಿ ನಮ್ಮ ಸೀತಾಳೆ ದಂಡೆಗೆ ಹೆಬ್ಬಲಸಿನ ಮರವಾಳವೆಂಬರ್ಥದ ಹೆಸರೂ, ಲೋಳೆಸರದಂಥ ದಪ್ಪ ಎಲೆಗಳ ಸಿಂಬಿಡಿಯಮ್ಮಿಗೆ ಕಾಸರಕದ ಮರವಾಳವೆಂಬರ್ಥದ ಹೆಸರೂ ಇವೆ. ಯಾವ ಗಿಡವೆಂದು ಹೇಳುವಾಗಲೇ ಯಾವ ಮರದ ಮೇಲೆ ಎಂದು ಹೇಳುವ ಈ ಪದ್ಧತಿಯನ್ನು ನಾನು ಬಹು ಗೌರವದಿಂದ ಕಾಣುತ್ತೇನೆ. ಏಕೆಂದರೆ ಮರವನ್ನು ಹೇಳಿದರೆ ಅದರ ತೊಗಟೆಯ ಒರಟು, ಎಲೆಯ ದಟ್ಟಣೆ, ಎಲೆಯುದುರುವ ಮಾಸ, ಅಂತು ಬೆಳಕಿನ ಲೆಕ್ಕವೆಲ್ಲವನ್ನೂ ಹೇಳಿದಂತಾಯಿತು. ಅರುವತ್ತು ವರ್ಷಗಳ ತರುವಾಯ, 1753ರಲ್ಲಿ, ಸಸ್ಯಶಾಸ್ತ್ರಜ್ಞನಾದ ಲಿನ್ನೆಯಸ್ಸನು ಮರದ ಮೇಲೆ ಬೆಳೆಯುವ ಆರ್ಕಿಡ್ಡುಗಳನ್ನೆಲ್ಲ ಬಹುಮಟ್ಟಿಗೆ ಒಂದೇ ಜಾತಿಯಡಿಯಲ್ಲಿ ತುಂಬಿದಾಗ ಹೆಸರುಗಳು ಸುಲಭವಾದವು, ಮರಗಳು ಮಾತ್ರ ಹೆಸರಿನಿಂದ ಕಳಚಿಬಿದ್ದವು.

ಹೀಗೆ ಮರವನ್ನು ಕಳೆದುಕೊಂಡ ಗಿಡಗಳು ಹಡಗುಗಳನ್ನೇರಿ ಇಂಗ್ಲೆಂಡಿಗೆ ಹೋದುವು. ಅಲ್ಲಿ ನಡೆದುದು ಸಸ್ಯಪ್ರೇಮದ ಇತಿಹಾಸದಲ್ಲಿ ದುಃಖಕರವಾದ ಅಧ್ಯಾಯ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಉಷ್ಣದೇಶದ ಆರ್ಕಿಡ್ಡುಗಳು ರಾಶಿರಾಶಿಯಾಗಿ ಲಂಡನ್ನಿಗೆ ಬಂದಿಳಿದು, ಕಲ್ಲಿದ್ದಲಿನ ಒಲೆಗಳಿಂದ ಕಾಯಿಸಿ ಹಬೆಯಿಂದ ತುಂಬಿದ ಗಾಜಿನ ಮನೆಗಳಲ್ಲಿ ಒಂದೆರಡು ವರ್ಷ ಬಾಳಿ, ಕೊಳೆತು ಸತ್ತವು. ಆ ಕಾಲದ ಸಸ್ಯಶಾಸ್ತ್ರಜ್ಞರಲ್ಲಿ ಆರ್ಕಿಡ್ಡುಗಳನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವನಾದ ಜಾನ್ ಲಿಂಡ್ಲಿಯೇ, 1830ರಲ್ಲಿ ಲಂಡನ್ನಿನ ತೋಟಗಾರಿಕೆಯ ಸಂಘದ ಮುಂದೆ, ಹೆಚ್ಚಿನ ಉಷ್ಣ, ಗಾಢವಾದ ನೆರಳು, ಮಿತಿಮೀರಿದ ತೇವ ಈ ಮೂರೂ ಇವುಗಳ ಬಾಳಿಗೆ ಅವಶ್ಯಕವೆಂದು ಪ್ರತಿಪಾದಿಸಿದನು. ಹೂವಿನ ಅಂಗಾಂಗಗಳನ್ನು ಅಷ್ಟು ಸೂಕ್ಷ್ಮವಾಗಿ ವರ್ಣಿಸಿದ ಮಹನೀಯನು ಹೂವು ಹುಟ್ಟುವ ಕಾಡನ್ನು ಕಣ್ಣಾರೆ ಕಂಡವನಲ್ಲ. ಸಂಗ್ರಾಹಕರ ಪತ್ರಗಳಿಂದ ಕಲ್ಪಿಸಿಕೊಂಡ ಕಾಡು ಅವನದು. ನೆಲದಲ್ಲಿ ನಿಂತು ನೋಡಿದವನಿಗೆ ಕಾಡೆಲ್ಲ ಕತ್ತಲೆಯೇ. ಮಳೆಕಾಡಿನ ನೆಲವನ್ನು ಮುಟ್ಟುವ ಬೆಳಕು ನೂರರಲ್ಲಿ ಒಂದೋ ಎರಡೋ ಪಾಲೆಂಬುದು ನಿಜ. ಆದರೆ ಆರ್ಕಿಡ್ಡು ನೆಲದ ಮೇಲೆ ಕುಳಿತಿಲ್ಲ, ಅರುವತ್ತು ಎಪ್ಪತ್ತು ಅಡಿಗಳ ಎತ್ತರದಲ್ಲಿ, ಗಾಳಿಯಾಡುವ ಕವಲಿನಲ್ಲಿ ಕುಳಿತಿದೆ.

ತಪ್ಪನ್ನು ತಿದ್ದಿದವರು ಕೆಲವರು ತೋಟದ ಮಾಲಿಗಳು, ಕೆಲವರು ಪ್ರವಾಸಿಗಳು. ಚಾಟ್ಸ್‌ವರ್ತಿನ ಅರಮನೆಯ ತೋಟವನ್ನು ನೋಡಿಕೊಳ್ಳುತ್ತಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಯ ಕಿಟಕಿಗಳನ್ನು ತೆರೆದು ಗಾಳಿಯನ್ನೊಳಗೊಂಡನು; ಅವನು ಕಳುಹಿಸಿದ ಜಾನ್ ಗಿಬ್ಸನ್ 1835ರಲ್ಲಿ ಹೊರಟು ನಮ್ಮ ದೇಶಕ್ಕೆ ಬಂದು ಖಾಸಿ ಬೆಟ್ಟಗಳ ಆರ್ಕಿಡ್ಡುಗಳನ್ನು ಅವು ಬೆಳೆಯುವ ಸ್ಥಳದಲ್ಲಿಯೇ ನೋಡಿ, ತಿಳಿದುಕೊಂಡು, ಕೊಂಡೊಯ್ದನು. ನಿರ್ಣಾಯಕವಾದ ಮಾತನ್ನು ಹೇಳಿದವನು ಸಸ್ಯಶಾಸ್ತ್ರಜ್ಞನಾದ ಜೋಸೆಫ್ ಹೂಕರ್. 1850ರಲ್ಲಿ ಅದೇ ಖಾಸಿ ಬೆಟ್ಟಗಳಲ್ಲಿ ನೀಲಿ ವಾಂಡವೆಂಬ ಆರ್ಕಿಡ್ಡಿನ ನೆಲೆಯನ್ನು ಕಂಡು, 1854ರಲ್ಲಿ ಪ್ರಕಟವಾದ ತನ್ನ ಹಿಮಾಲಯದ ದಿನಚರಿಯಲ್ಲಿ ಅವನು ಅದನ್ನು ವರ್ಣಿಸಿದ್ದಾನೆ: ಮರಗಳು ಗಿಡ್ಡ, ಎಲೆಗಳು ವಿರಳ, ಕೊಂಬೆಗಳ ಮೇಲೆ ಹಾವಸೆಯ ಹೆಸರಿಲ್ಲ, ಒರಟಾದ ಒಣ ತೊಗಟೆಯ ಮೇಲೆ ಬೇರುಗಳನ್ನು ಚಾಚಿದ ವಾಂಡವು ಬಿಸಿಲಿಗೂ ಮಳೆಗೂ ಗಾಳಿಗೂ ತನ್ನನ್ನು ಪೂರ್ಣವಾಗಿ ಒಡ್ಡಿಕೊಂಡಿದೆ, ಚಳಿಗಾಲವೆಲ್ಲ ಅಲ್ಲಿ ಶುಷ್ಕ. ಉಸಿರುಗಟ್ಟಿಸುವ ಹಬೆಯ ಮನೆಗಳಲ್ಲಿ ಇದನ್ನಿಟ್ಟು ಹೂವನ್ನು ಬಯಸುತ್ತಿದ್ದ ತನ್ನ ದೇಶದ ತೋಟಗಾರರ ನಡವಳಿಕೆಗೆ ಇವೆಲ್ಲವೂ ವಿರುದ್ಧವೆಂಬುದನ್ನು ಅವನು ಸ್ಪಷ್ಟವಾಗಿ ತೋರಿಸಿದನು. ಈ ನಡುವೆ 1845ರಲ್ಲಿ ಇಂಗ್ಲೆಂಡಿನ ಸರಕಾರವು ಗಾಜಿನ ಮೇಲಿನ ಸುಂಕವನ್ನು ರದ್ದುಮಾಡಿತು. ತೂಕದ ಮೇಲೆ ಸುಂಕವಿದ್ದುದರಿಂದ ದುಬಾರಿಯಾಗಿದ್ದ ಗಾಜು ಅಗ್ಗವಾಗಿ, ಸಣ್ಣ ತುಂಡುಗಳ ಮಬ್ಬು ಮಾಡುಗಳ ಬದಲು ಹಗಲನ್ನು ಧಾರಾಳವಾಗಿ ಒಳಬಿಡುವ ವಿಶಾಲವಾದ ಗಾಜಿನ ಮಾಡುಗಳು ಎದ್ದುವು. ಸುಂಕ ಹೋದಲ್ಲಿ ಬೆಳಕು ಬಂದಿತು.

ಆದರೂ ಇಂಗ್ಲೆಂಡಿನ ಕಷ್ಟವು ಇಂಗ್ಲೆಂಡಿನದೇ. ಲಂಡನ್ನಿನ ಚಳಿಗಾಲದ ಹಗಲು ಎಂಟು ತಾಸಿಗೂ ಕಿರಿದು, ಬೇಸಗೆಯದು ಹದಿನಾರಕ್ಕೂ ಹಿರಿದು. ನಮ್ಮ ಅಂಕೋಲೆಯಲ್ಲಿ ಅತ್ಯಂತ ಕಿರಿಯ ಹಗಲಿಗೂ ಅತ್ಯಂತ ಹಿರಿಯ ಹಗಲಿಗೂ ಎರಡು ತಾಸುಗಳ ಅಂತರವೂ ಇಲ್ಲ. ಅಲ್ಲಿ ಬೆಳಕನ್ನು ಬೇಡಬೇಕು, ಇಲ್ಲಿ ಅದನ್ನು ಸೋಸಬೇಕು.

ಇಂಗ್ಲೆಂಡಿನ ಗಾಜಿನ ಮನೆಗಳ ಮಾತು ಹಾಗಿರಲಿ; ನಮ್ಮ ಕಡೆಯ ಸಸ್ಯಗಳನ್ನು ಮೊದಲು ಪಟ್ಟಿಮಾಡಿದವರಲ್ಲಿ ನಿಕೋಲ್ ಡಾಲ್‌ಝೆಲ್ ಎಂಬವನೊಬ್ಬನು. ಅವನು 1841ರಲ್ಲಿ ಮುಂಬಯಿಗೆ ಬಂದುದು ಸುಂಕದ ಇಲಾಖೆಯ ಅಧಿಕಾರಿಯಾಗಿ. ಅರಣ್ಯಾಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗಿಬ್ಸನ್ನನ ಜೊತೆಗೂಡಿ 1861ರಲ್ಲಿ ಮುಂಬಯಿ ಪ್ರಾಂತದ ಸಸ್ಯಗಳ ಗ್ರಂಥವನ್ನು ಹೊರತಂದನು. ಒಂದು ಪುಟ್ಟ ಆರ್ಕಿಡ್ಡಿಗೆ ಅವನ ಹೆಸರನ್ನಿಟ್ಟರು. ಸರಕಿನ ಮೌಲ್ಯವನ್ನು ಕಟ್ಟುವ ಕಣ್ಣೇ ಬೆಲೆಯಿಲ್ಲದ ಹೂವುಗಳತ್ತ ತಿರುಗಿದುದು ನನಗೆ ಪ್ರಿಯವಾದ ಸಂಗತಿ. ಅವನಿಗಿಂತಲೂ ನಮಗೆ ಸಮೀಪನಾದವನು ಥಾಮಸ್ ಬೆಲ್. 1884ರಲ್ಲಿ ಅರಣ್ಯ ಇಲಾಖೆಯನ್ನು ಸೇರಿ, 1920ರಲ್ಲಿ ನಿವೃತ್ತನಾದ ಮೇಲೂ ಸ್ವದೇಶಕ್ಕೆ ಹಿಂದಿರುಗದೆ ಕಾರವಾರದಲ್ಲಿಯೇ ನೆಲಸಿ, 1948ರಲ್ಲಿ ತೀರಿಕೊಂಡನು. ಚಿಟ್ಟೆಗಳ ಮರಿಹುಳುಗಳು ಯಾವ ಯಾವ ಎಲೆಯನ್ನು ತಿನ್ನುವುವೆಂಬುದನ್ನು ಒಂದೊಂದಾಗಿ ಸಾಕಿ ನೋಡಿ ತಿಳಿದವನು. ಎಲೆಯನ್ನು ಅರಿಯಬೇಕಾಗಿ ಬಂದುದರಿಂದ ಸಸ್ಯಸಂಗ್ರಹಕ್ಕೂ ಕೈಹಾಕಿ, ಐ.ಸಿ.ಎಸ್. ಅಧಿಕಾರಿಯಾದ ಸೆಜ್‌ವಿಕ್ಕನ ಜೊತೆಯಲ್ಲಿ ಉತ್ತರ ಕನ್ನಡದ ಕಾಡುಗಳ ಸಾವಿರಾರು ಮಾದರಿಗಳನ್ನು ಕೂಡಿಹಾಕಿದನು. ಅವು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಬ್ಲಾಟರ್ ಸಸ್ಯಾಗಾರವನ್ನು ಸೇರಿದವು. ಅದೇ ಕಾಲೇಜಿನ ಸಂತಾಪಾವು ಮತ್ತು ಕಪಾಡಿಯಾ ಎಂಬ ವಿದ್ವಾಂಸರಿಬ್ಬರು 1966ರಲ್ಲಿ ಹಳೆಯ ಮುಂಬಯಿ ಪ್ರಾಂತದ ಆರ್ಕಿಡ್ಡುಗಳ ಗ್ರಂಥವನ್ನು ಪ್ರಕಟಿಸಿದಾಗ, ಆಡಳಿತದಲ್ಲಿ ಹತ್ತು ವರ್ಷ ಮೊದಲೇ ಮೈಸೂರಿಗೆ ಸೇರಿಹೋಗಿದ್ದ ನಮ್ಮ ಜಿಲ್ಲೆಯ ಹೂವುಗಳೂ ಆ ಪುಟಗಳಲ್ಲಿ ಉಳಿದುಕೊಂಡುವು. ಇಂಗ್ಲೆಂಡಿನ ಗಾಜಿನ ಮನೆಯ ಮಾದರಿಯೂ ನಮ್ಮ ನಾಡಿಗೆ ಬಾರದಿರಲಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಸ್ತಿಭಾರವಾದ ಗಾಜಿನ ಮನೆಯನ್ನು ಪ್ಯಾಕ್ಸ್‌ಟನ್ನನ ಸ್ಫಟಿಕ ಸೌಧದ, ಎಂದರೆ ಕ್ರಿಸ್ಟಲ್ ಪ್ಯಾಲೇಸಿನ, ಮಾದರಿಯೆಂದು ಹೇಳುವುದುಂಟು. ಬಿಸಿಲಿಗೆ ಕೊರತೆಯಿಲ್ಲದ ನಾಡಿನಲ್ಲಿ ಅದು ಪುಷ್ಪಪ್ರದರ್ಶನದ ಮಂಟಪವಾಯಿತಲ್ಲದೆ ಗಿಡ ಬೆಳೆಸುವ ಮನೆಯಾಗಬೇಕಾಗಲಿಲ್ಲ. ಇಲ್ಲಿಯ ಮಾಲಿಗೆ ಬೇಕಾದುದು ಬಿದಿರ ಸೀಳುಗಳನ್ನು ಸಂದುಬಿಟ್ಟು ಹೊದಿಸಿದ ಚಪ್ಪರ.

ಆ ಚಪ್ಪರವನ್ನು ಸುಂಕಸಾಳದ ಸೀಮೆಯವರು ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ. ಇಲ್ಲಿಯ ಹಳೆಯ ಮನೆಗಳನ್ನು ನೆನೆದುಕೊಳ್ಳಿ. ಮಣ್ಣಿನ ದಪ್ಪ ಗೋಡೆ, ಅಂಗೈಯಗಲದ ಕಿಟಕಿ, ಅಡಿಕೆಯ ಸೋಗೆಯನ್ನೋ ಹುಲ್ಲನ್ನೋ ಹೊದ್ದು ನೆಲದ ಸಮೀಪಕ್ಕೆ ಇಳಿದುಬಂದ ಮಾಡು. ಮಳೆಗಾಲದಲ್ಲಿ ಜಗಲಿಗೆ ಎರಚಲು ಹೊಡೆಯದಂತೆ ಹೆಣೆದ ಮಡಲಿನ ತಟ್ಟಿ. ಆ ಮನೆಯೊಳಗೆ ನಡುಹಗಲಿನಲ್ಲಿಯೂ ದೀಪ ಬೇಕು. ಮಳೆಯನ್ನು ತಡೆಯುವುದೇ ಮನೆಯ ಮೊದಲ ಧರ್ಮವಾಗಿದ್ದ ನಾಡಿನಲ್ಲಿ ಬೆಳಕು ಅಂಗಳದ ವಸ್ತುವಾಗಿತ್ತು. ಅಂತೆಯೇ ಹೂವೂ ಅಂಗಳದ ವಸ್ತುವಾಗಿತ್ತು. ಅಡಿಕೆ ಒಣಗಿಸುವ ಅಂಗಳದಲ್ಲಿ ಅಡಿಕೆಯ ದಬ್ಬೆಗಳಿಂದ ಕಟ್ಟಿದ ಚಪ್ಪರದಂಚಿಗೆ ಸೀತಾಳೆಯ ತುಂಡನ್ನು ತೂಗುಹಾಕಿದರೆ, ದಬ್ಬೆಗಳ ಸಂದಿನಿಂದ ಬಿಸಿಲು ಗೆರೆಗೆರೆಯಾಗಿ ಬಿದ್ದು, ಸೂರ್ಯನೊಡನೆ ಸರಿಯುತ್ತ, ಗಿಡದ ಯಾವ ಭಾಗವನ್ನೂ ಸುಡದೆ ಯಾವ ಭಾಗವನ್ನೂ ಉಪವಾಸ ಕೆಡಹದೆ ದಿನವನ್ನು ಮುಗಿಸುತ್ತಿತ್ತು. ಮಳೆಗಾಲಕ್ಕೆ ಮುನ್ನ ಚಪ್ಪರದ ಹೊದಿಕೆಯನ್ನು ತೆಗೆಯುವ, ಮಳೆ ಕಳೆದ ಮೇಲೆ ಮತ್ತೆ ಹೊದಿಸುವ ವಾರ್ಷಿಕ ಕ್ರಮದಿಂದ ಅದಕ್ಕೂ ಒಂದು ಋತುಚಕ್ರವಿತ್ತು. ತೋಟದ ಗೊಬ್ಬರಕ್ಕಾಗಿ ಸೊಪ್ಪಿನ ಬೆಟ್ಟದ ಮರಗಳನ್ನು ಸವರುವ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ಘಟ್ಟದ ಮೇಲಿನ ತಾಲೂಕುಗಳಲ್ಲಿ ಎಕರೆ ತೋಟವೊಂದಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟುದುಂಟು. ಹೀಗೆ ಸವರಿದ ಮರದ ಬೋಳು ಕೊಂಬೆಗಳಿಗೆ ಬೆಳಕು ಧಾರಾಳ. ಸೀತಾಳೆಗೆ ಅದರಿಂದ ಕೆಲವೆಡೆ ಲಾಭವೂ, ಕೊಂಬೆಯೇ ಕತ್ತಿಗೆ ಬಲಿಯಾದಲ್ಲಿ ನಾಶವೂ ಆಯಿತು.

ಮನೆಯೊಳಗಣ ಕತ್ತಲೆಯನ್ನು ಮೊದಲು ಕದಲಿಸಿದುದು ಮಂಗಳೂರ ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಕಡಲ ಮಾರ್ಗವಾಗಿ ಆ ಕೆಂಪು ಹೆಂಚು ಕರಾವಳಿಯ ಬಂದರುಗಳನ್ನೆಲ್ಲ ಮುಟ್ಟಿ, ಶ್ರೀಮಂತರ ಮನೆಯಿಂದ ಮೊದಲ್ಗೊಂಡು ಕ್ರಮೇಣ ಒಳನಾಡಿನ ಸಾಮಾನ್ಯರ ಮನೆಯನ್ನೂ ಏರಿತು. ಮಾಡು ಎತ್ತರವಾಯಿತು, ಗೋಡೆಗೆ ಕಿಟಕಿಗಳು ಬಂದವು. ಎಲ್ಲಕ್ಕಿಂತ ಮಿಗಿಲಾಗಿ ಗಾಜಿನ ಹೆಂಚು ಬಂದಿತು. ಅಡುಗೆಯ ಮನೆಯ ಮೇಲೊಂದು, ಬಚ್ಚಲಿನ ಮೇಲೊಂದು, ಜಗಲಿಯ ಮೇಲೊಂದು ಗಾಜಿನ ಹೆಂಚನ್ನಿರಿಸಿ, ಮಾಡಿನಿಂದ ನೇರವಾಗಿ ಇಳಿಯುವ ಬೆಳಕಿನ ಕೋಲಿನಲ್ಲಿ ಹೊತ್ತನ್ನು ಅಳೆದವರು ನಮ್ಮ ಹಿರಿಯರು. ಮನೆಯೊಳಗೆ ಆರ್ಕಿಡ್ಡನ್ನು ಹೂಬಿಡಿಸಬಹುದೆಂಬ ಆಸೆಗೆ ನಮ್ಮ ಸೀಮೆಯಲ್ಲಿ ನಿಜವಾದ ಆಧಾರ ದೊರೆತುದು ಇದರಿಂದಲೇ ಎಂದು ನಾನು ನಂಬಿದ್ದೇನೆ. ಕಿಟಕಿಯ ಬೆಳಕು ಪಕ್ಕದಿಂದ ಬರುತ್ತದೆ, ಕಿಟಕಿಯಿಂದ ಎರಡು ಮಾರು ಸರಿದರೆ ಹಿಡಿಯಷ್ಟಕ್ಕೆ ಇಳಿಯುತ್ತದೆ. ಗಾಜಿನ ಹೆಂಚಿನದು ಕಾಡಿನ ಬೆಳಕಿನಂತೆ ಮೇಲಿನಿಂದ ಬರುತ್ತದೆ. ಎರಡು ಮೂರು ಗಾಜಿನ ಹೆಂಚುಗಳನ್ನು ಒತ್ತಾಗಿ ಹೊದಿಸಿದ ಜಗಲಿಯಂಚಿನಲ್ಲಿ ತೂಗಿದ ಗಿಡಗಳು ಚೆನ್ನಾಗಿ ಬರುವುದನ್ನು ಈ ಭಾಗದಲ್ಲಿ ಯಾರೂ ನೋಡಬಹುದು. ಈಚಿನ ತಾರಸಿಯ ಮನೆಗಳು ಆ ಕೋಲನ್ನು ಕಿತ್ತುಕೊಂಡವು. ಹುಬ್ಬಳ್ಳಿ ಬೆಂಗಳೂರುಗಳ ಬಹುಮಹಡಿಯ ವಸತಿಗಳ ನಡುಕೋಣೆಯಲ್ಲಿ, ಗಾಢವಾದ ಪರದೆಯ ಹಿಂದೆ, ಮೇಜಿನ ಮೇಲೆ ಅಲಂಕಾರಕ್ಕಿಟ್ಟ ಆರ್ಕಿಡ್ಡಿನ ಕುಂಡವನ್ನು ಕಂಡಾಗಲೆಲ್ಲ ಲಿಂಡ್ಲಿಯ ಕತ್ತಲೆಯ ಗಾಜಿನ ಮನೆ ಸಮುದ್ರವನ್ನು ದಾಟಿ ನಮ್ಮಲ್ಲಿಗೇ ಬಂದಿತಲ್ಲಾ ಎಂದು ಸಂಕಟವಾಗುತ್ತದೆ.

ಸಂಖ್ಯೆಗಳಲ್ಲಿ ಹೇಳುವುದಾದರೆ ಇದರ ಗಾಂಭೀರ್ಯವು ಇನ್ನೂ ಸ್ಪಷ್ಟವಾಗುತ್ತದೆ. ಬೆಳಕನ್ನಳೆಯುವ ಲಕ್ಸ್ ಎಂಬ ಮಾನದಲ್ಲಿ ನಡುಹಗಲಿನ ತೆರೆದ ಬಿಸಿಲು ಸುಮಾರು 1,00,000. ಸೀತಾಳೆ, ವಾಂಡ ಮೊದಲಾದ ಬಿಸಿಲುಪ್ರಿಯ ಜಾತಿಗಳು ಹೂಬಿಡಲು ಹಗಲಿನ ಹೆಚ್ಚು ಹೊತ್ತು 30,000ದ ಆಸುಪಾಸಿನ ಬೆಳಕನ್ನು ಬಯಸುತ್ತವೆ. ಅಂಗಡಿಗಳಲ್ಲಿ ಇಂದು ಹೇರಳವಾಗಿ ದೊರೆಯುವ, ಚಿಟ್ಟೆಯಾಕಾರದ ಹೂಗಳ ಫೆಲನಾಪ್ಸಿಸ್ 10,000ದಿಂದ 15,000ಕ್ಕೆ ತೃಪ್ತವಾಗುತ್ತದೆ. ನಮ್ಮ ಕಣ್ಣಿಗೆ ಸಾಕಷ್ಟು ಬೆಳಗಿದಂತೆ ತೋರುವ ಕೋಣೆಯ ಒಳಭಾಗದಲ್ಲಿ ಇರುವುದು ಇನ್ನೂರೋ ಮುನ್ನೂರೋ ಲಕ್ಸ್. ಮನುಷ್ಯನ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದರಲ್ಲಿ ಬಹು ಚತುರವಾದುದರಿಂದಲೇ ಈ ಅಗಾಧವಾದ ಅಂತರವು ನಮಗೆ ತಿಳಿಯುವುದಿಲ್ಲ. ಈಗಿನ ಮೊಬೈಲುಗಳಲ್ಲಿಯೇ ಲಕ್ಸನ್ನು ಅಳೆಯುವ ಅನುಕೂಲವಿದೆ. ಅದೂ ಬೇಡವೆನ್ನುವವರು ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಅಂಗೈಯನ್ನು ಹಿಡಿದು ನೋಡಬಹುದು. ಬೆರಳುಗಳ ಅಂಚು ತಿಳಿಯುವಂಥ ನೆರಳು ಬಿದ್ದರೆ ಸೀತಾಳೆಗೆ ಹಿತ, ಮಸುಕಾದ ನೆರಳಾದರೆ ಫೆಲನಾಪ್ಸಿಸ್ಸಿಗೆ ಸಾಕು, ನೆರಳೇ ಬೀಳದಿದ್ದರೆ ಅಲ್ಲಿ ಹೂವಿನ ಮಾತೇ ಇಲ್ಲ. ಎಲೆಯೂ ತಾನೇ ಹೇಳುತ್ತದೆ: ಕಡುಹಸಿರಾಗಿ ಮೆತ್ತಗೆ ಜೋಲುವ ಎಲೆ ಬೆಳಕಿಗೆ ಹಸಿದಿದೆ, ತುಸು ಹಳದಿಗೆ ತಿರುಗಿದ ಹುಲ್ಲುಹಸಿರಿನ ಗಡುಸಾದ ಎಲೆ ತಣಿದಿದೆ, ಅಂಚಿನಲ್ಲಿ ಕೆಂಪೇರಿದ ಎಲೆ ಮೇರೆಯನ್ನು ಮುಟ್ಟಿದೆ. ನಮಗೆ ಆರೋಗ್ಯದ ಗುರುತಾಗಿ ಕಾಣುವ ಆ ಕಡುಹಸಿರೇ ಮೋಸದ್ದು.

ಇನ್ನು ಯಾವ ದಿಕ್ಕಿನ ಜಗಲಿ ಒಳ್ಳೆಯದೆಂಬ ಪ್ರಶ್ನೆ. ಶೀತದೇಶಗಳ ಪುಸ್ತಕಗಳು ವರ್ಷವೆಲ್ಲ ತೆಂಕಣ ಕಿಟಕಿಯನ್ನು ಹೊಗಳುತ್ತವೆ. ಅದು ನಮಗೆ ಅರ್ಧ ಮಾತ್ರ ಸತ್ಯ. ಸುಂಕಸಾಳವು ಹದಿನಾಲ್ಕೂ ಮುಕ್ಕಾಲು ಅಕ್ಷಾಂಶದ ಸಮೀಪದಲ್ಲಿರುವುದರಿಂದ ಏಪ್ರಿಲಿನ ಕೊನೆಯಲ್ಲೊಮ್ಮೆ, ಆಗಸ್ಟಿನ ನಡುವೆ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ; ಈ ಎರಡರ ನಡುವೆ ಅವನು ನಮಗೆ ಬಡಗಣದವನು. ಹೀಗಾಗಿ ಬಿಸಿಲೇ ಬಾರದೆಂದು ನಾವು ತಿಳಿದ ಬಡಗು ಜಗಲಿಗೆ ಮೇ ತಿಂಗಳ ತೀಕ್ಷ್ಣವಾದ ಬಿಸಿಲು ಬಂದು ಎಲೆಯನ್ನು ಸುಡುವುದುಂಟು. ಮಾರ್ಗಶಿರ ಪುಷ್ಯಗಳಲ್ಲಾದರೋ ಸೂರ್ಯನು ತೆಂಕಣಕ್ಕೆ ಬಾಗಿ, ನಡುಹಗಲಿನಲ್ಲಿಯೂ ಐವತ್ತೆರಡು ಅಂಶಗಳಷ್ಟೇ ಎತ್ತರದಲ್ಲಿ ಸಾಗುವುದರಿಂದ ತೆಂಕು ಜಗಲಿಯ ಒಳಗೆ ಬಿಸಿಲು ಉದ್ದವಾಗಿ ಚಾಚುತ್ತದೆ. ಕಾಡು ಎಲೆಯುದುರಿಸಲು ತೊಡಗುವ ಕಾಲವೂ ಅದೇ. ಗಿಡವನ್ನು ಒಂದೇ ಮೊಳೆಗೆ ವರ್ಷವೆಲ್ಲ ತೂಗಿಡುವುದು ನಮ್ಮ ಸಾಮಾನ್ಯವಾದ ತಪ್ಪು. ಮರದ ಎಲೆ ಉದುರುತ್ತದೆ, ಮನೆಯ ಮಾಡಿನದು ಉದುರುವುದಿಲ್ಲ. ಆದಕಾರಣ ಮಾಡು ಮಾಡದ ಕೆಲಸವನ್ನು ಮನೆಯವರೇ ಮಾಡಬೇಕು. ದೀಪಾವಳಿ ಕಳೆಯುತ್ತಲೇ ಗಿಡವನ್ನು ಒಳಗಿನಿಂದ ತೆಂಕಣ ಅಥವಾ ಮೂಡಣ ಅಂಚಿಗೆ ಸರಿಸಿ, ನೀರನ್ನು ಕಡಿಮೆ ಮಾಡಿ, ಬೆಳಗಿನ ಬಿಸಿಲು ಮೂರು ನಾಲ್ಕು ತಾಸು ನೇರವಾಗಿ ತಾಗುವಂತೆ ಇರಿಸಬೇಕು. ಒಮ್ಮೆಗೇ ಅಲ್ಲ, ಹತ್ತು ಹದಿನೈದು ದಿನಗಳಲ್ಲಿ ಮೆಲ್ಲಮೆಲ್ಲಗೆ. ಘಟ್ಟದ ಬುಡದ ಊರುಗಳಲ್ಲಿ ಮೂಡಣ ಗುಡ್ಡಗಳು ಬೆಳಗನ್ನು ತಡಮಾಡಿಸುವುದರಿಂದ, ಅಲ್ಲಿಯವರು ಕಡಲತಡಿಯವರಿಗಿಂತ ತುಸು ಹೆಚ್ಚು ಧಾರಾಳವಾಗಿ ತೆಂಕಣವನ್ನು ನೆಚ್ಚಬೇಕು. ಹೋಳಿಯ ನಂತರ ಬಿಸಿಲು ಏರಿದಾಗ ಚಪ್ಪರದ ನೆರಳೋ, ನೂರರಲ್ಲಿ ಐವತ್ತು ಪಾಲು ಬಿಸಿಲನ್ನು ತಡೆಯುವ ಹಸಿರು ಬಲೆಯೋ ಮೇಲಿರಬೇಕು. ಮಳೆಗಾಲದ ಕಾರ್ಮೋಡದಲ್ಲಿ ಬೆಳಕು ಐದರಲ್ಲೊಂದು ಪಾಲಿಗೂ ಇಳಿಯುವ ದಿನಗಳಿರುವುದರಿಂದ ಆ ಬಲೆಯನ್ನು ಆಗ ಸುತ್ತಿಟ್ಟುಬಿಡುವುದೇ ಲೇಸು.

ಬಿಸಿಲಿನ ಅಂಚೇ ಇಲ್ಲದ ನಗರದ ಮನೆಗಳವರಿಗೆ ವಿದ್ಯುದ್ದೀಪವುಂಟು. ಬಿಳಿಯ ಎಲ್‌ಇಡಿ ದೀಪವನ್ನು ಎಲೆಗಳಿಂದ ಒಂದಡಿಯಷ್ಟು ಮೇಲೆ ಹಿಡಿಸಿ ದಿನಕ್ಕೆ ಹನ್ನೆರಡು ತಾಸು ಉರಿಸಿದರೆ ಫೆಲನಾಪ್ಸಿಸ್ ಹೂಬಿಡುತ್ತದೆ. ದೀಪವನ್ನು ಎರಡರಷ್ಟು ದೂರ ಸರಿಸಿದರೆ ಬೆಳಕು ಕಾಲು ಭಾಗದ ಕಡೆಗೆ ಇಳಿಯುತ್ತದೆಂಬುದನ್ನು ಮರೆಯಬಾರದು. ರಾತ್ರಿಯೆಲ್ಲ ಉರಿಸುವುದೂ ಸಲ್ಲದು. ಇರುಳಿನಲ್ಲಿ ಉಸಿರಾಡುವ ಗಿಡಕ್ಕೆ ಇರುಳೂ ಬೇಕು. ಫೆಲನಾಪ್ಸಿಸ್ಸಿಗೆ ಹೂದೇಟು ಹೊರಡಲು ಕೆಲವು ವಾರಗಳ ತಂಪು ರಾತ್ರಿಗಳೂ ಅವಶ್ಯವಾದುದರಿಂದ, ಅಂಕೋಲೆಯ ಕಡಲ ಸೆಕೆಯಲ್ಲಿ ಹಟಮಾಡುವ ಗಿಡವೇ ಶಿರಸಿ ಯಲ್ಲಾಪುರಗಳ ಚಳಿಯಲ್ಲಿ ಸಲೀಸಾಗಿ ಹೂವಾಗುತ್ತದೆ. ಕರಾವಳಿಯವರು ಅದಕ್ಕಾಗಿ ಕೊರಗುವುದಕ್ಕಿಂತ, ಈ ಸೆಕೆಗೆ ಹುಟ್ಟಿನಿಂದಲೇ ಒಗ್ಗಿದ ಸೀತಾಳೆಯನ್ನೇ ನೆಚ್ಚುವುದು ಉಚಿತವೆಂದು ನನ್ನ ಅಭಿಪ್ರಾಯ.

ಹಾಗೆಂದು ಕಾಡಿಗೆ ಹೋಗಿ ಮರದಿಂದ ಕಿತ್ತು ತರುವುದನ್ನು ನಾನು ಹೇಳುತ್ತಿಲ್ಲ. ಜಗತ್ತಿನ ಆರ್ಕಿಡ್ ಕುಲವೆಲ್ಲವೂ 1975ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಿದೆ. ಕಾಯಿದೆಯ ಮಾತಂತಿರಲಿ, ಒಂದು ಸೀತಾಳೆಯ ಬೀಜವು ಧೂಳಿಗಿಂತ ಹಗುರವಾಗಿದ್ದು, ತಕ್ಕ ಶಿಲೀಂಧ್ರವೊಂದು ದೊರೆತಲ್ಲದೆ ಮೊಳೆಯದು, ಮೊಳೆತುದು ಹೂವಾಗಲು ಹಲವು ವರ್ಷ ಬೇಕು. ಇದೇ ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಮಾಸ್ತಿಕಟ್ಟೆಯ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದುಡಿದು, ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂಬುದನ್ನು ಅಕ್ಷರಗಳ ಹಂಗಿಲ್ಲದೆ ಅರಿತಿದ್ದರು. ಆ ಅರಿವಿಗೆ ಪದ್ಮಶ್ರೀಯ ಮನ್ನಣೆಯೂ ಬಂದಿತು. ಆತಿಥೇಯ ಮರವನ್ನು ಬೆಳೆಸಿದವರೇ ಸೀತಾಳೆಯನ್ನೂ ಬೆಳೆಸಿದವರು. ಮನೆಗೆ ತರಬೇಕೆನ್ನುವವರಿಗೆ ಜ್ಯೇಷ್ಠದ ಗಾಳಿ ಕೆಡಹಿದ ಕೊಂಬೆಗಳು ದಾರಿಯ ಪಕ್ಕದಲ್ಲಿಯೇ ದೊರೆಯುತ್ತವೆ. ನೆಲದ ಮೇಲೆ ಬಿದ್ದ ಗಿಡ ಅಲ್ಲಿಯೇ ಉಳಿದರೆ ಕತ್ತಲೆಗೂ ಕೊಳೆಗೂ ತುತ್ತಾಗುವುದು ಖಂಡಿತ. ಅದನ್ನು ತೊಗಟೆಯಿಂದ ಬಿಡಿಸಹೋಗದೆ, ಕೊಂಬೆಯ ತುಂಡಿನೊಡನೆಯೇ ಕೊಯ್ದು ತಂದು, ಮುರಿದ ಬೇರುಗಳನ್ನು ಮಾತ್ರ ಕತ್ತರಿಸಿ, ಎಲೆಗಳ ಯಾವ ಮುಖವು ಮರದ ಮೇಲೆ ಬೆಳಕಿನ ಕಡೆಗಿತ್ತೆಂಬುದನ್ನು ಅವುಗಳ ಬಾಗಿನಿಂದ ತಿಳಿದುಕೊಂಡು, ಆ ಮುಖವೇ ಹೊರಗಾಗುವಂತೆ ಜಗಲಿಯ ಮೂಡಣ ಕಂಬಕ್ಕೆ ಕಟ್ಟಬೇಕು. ಹೊಸ ಬೇರಿನ ಹಸಿರು ತುದಿ ಕಾಣಿಸುವವರೆಗೆ ನೆರಳು ಸಾಕು. ಆಮೇಲೆ ದೀಪಾವಳಿಯಿಂದ ಬಿಸಿಲು.